ಒಂದು ಗ್ರಂಥ, ಒಂದು ಧ್ಯಾನ, ಒಂದು ವರ್ಷ

ಗೂಢ ಜ್ಞಾನದ ಕಡೆ ಮನಸ್ಸು ವಾಲಿದವರ ಕಪಾಟಿನಲ್ಲಿ ಸಾಮಾನ್ಯವಾಗಿ ಎಲ್ಲವೂ ಇರುತ್ತದೆ. ತಂತ್ರದ ಮೇಲೊಂದು ಪುಸ್ತಕ, ಸೂಫಿಗಳ ಮೇಲೊಂದು, ಝೆನ್ ಮೇಲೊಂದು, ಚಕ್ರಗಳ ಬಗ್ಗೆ ಎರಡು. ಫೋನಿನಲ್ಲಿ ಮೂರು ನಾಲ್ಕು ಧ್ಯಾನದ ಆ್ಯಪ್. ಓದಿದ್ದಕ್ಕೇನೂ ಕಮ್ಮಿ ಇಲ್ಲ. ಆದರೆ ಯಾರಾದರೂ ಒಂದು ಮಾತು ಅಂದರೆ ಸಿಡುಕುವುದು, ಮಲಗಿದ ಮೇಲೂ ಅದನ್ನೇ ಮೆಲುಕು ಹಾಕುವುದು, ಇವೆರಡೂ ಹಿಂದೆ ಹೇಗಿದ್ದವೋ ಹಾಗೇ ಇರುತ್ತವೆ.

ಆಸಕ್ತಿ ಹತ್ತು ಕಡೆ ಹರಡಿಹೋದರೆ ಹೀಗಾಗುತ್ತದೆ. ಒಂದು ದಾರಿಯಲ್ಲಿ ಕಷ್ಟ ಬರುವ ಹೊತ್ತಿಗೆ ಇನ್ನೊಂದು ದಾರಿ ಚೆಂದ ಕಾಣುತ್ತದೆ, ಅಲ್ಲಿಗೆ ಹೋಗಿಬಿಡುತ್ತೇವೆ. ಆದರೆ ಬದಲಾವಣೆ ಶುರುವಾಗುವುದು ಆ ಕಷ್ಟದ ಜಾಗದಲ್ಲೇ. ಹಾಗಾಗಿ ನನ್ನ ಸಲಹೆ ಇಷ್ಟೇ: ಒಂದು ವರ್ಷ ಒಂದೇ ಗ್ರಂಥ ಓದಿ, ಒಂದೇ ಧ್ಯಾನ ಮಾಡಿ. ಅದನ್ನು ಹೇಗೆ ಮಾಡುವುದು ಅಂತ ಮುಂದೆ ಹೇಳುತ್ತೇನೆ.

ಗೂಢ ಅಂದರೆ ಬಚ್ಚಿಟ್ಟಿದ್ದಾ?

ಇಂದು ಯಾವ ಗ್ರಂಥವೂ ಬೀಗದ ಹಿಂದೆ ಇಲ್ಲ. ಉಪನಿಷತ್ತು, ಯೋಗಸೂತ್ರ, ಬುದ್ಧನ ಸುತ್ತಗಳು (ಉಪದೇಶಗಳು), ಸೂಫಿ ಕಾವ್ಯ, ಯಹೂದಿಗಳ ಗೂಢ ಪರಂಪರೆಯಾದ ಕಬ್ಬಾಲಾ, ಎಲ್ಲಕ್ಕೂ ಅನುವಾದ ಸಿಗುತ್ತದೆ. ಆದರೂ ಇವು ಗೂಢವಾಗಿಯೇ ಉಳಿದಿವೆ.

ಒಂದು ಕಾರಣ ಭಾಷೆ. 12ನೇ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನ ಓದಿದರೆ ಮೊದಲು ಒಗಟಿನಂತೆ ಕಾಣುತ್ತದೆ. ಮೇಲಿನ ಅರ್ಥ ಅಸಂಬದ್ಧ. ಒಳಗೆ ಹೋದರೆ ಪ್ರತಿಯೊಂದು ಚಿತ್ರವೂ ದೇಹ, ಮನಸ್ಸು, ಅಹಂಕಾರಗಳ ಬಗ್ಗೆ ಏನನ್ನೋ ಹೇಳುತ್ತಿರುತ್ತದೆ. ಎರಡನೆಯದು ಬಾಯಿಂದ ಕಿವಿಗೆ ಬಂದ ಪರಂಪರೆ. ಪತಂಜಲಿಯ ಯೋಗಸೂತ್ರದಲ್ಲಿ ಇರುವುದು ಹೆಚ್ಚುಕಡಿಮೆ 195 ಪುಟ್ಟ ಸೂತ್ರಗಳು. ಗುರು ವಿವರಿಸಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಕಟ್ಟಿದ ಗಂಟುಗಳು ಅವು. ವಿವರಣೆ ಇಲ್ಲದೆ ಓದಿದರೆ ಬರೀ ಗಂಟು ಉಳಿಯುತ್ತದೆ.

ಮೂರನೆಯ ಕಾರಣ ಎಲ್ಲಕ್ಕಿಂತ ಮುಖ್ಯ. ಇಸ್ಲಾಂ ಧರ್ಮದ ವಿದ್ವಾಂಸ ಅಲ್ ಗಜಾಲಿ ಬಾಗ್ದಾದಿನ ಅತಿ ದೊಡ್ಡ ವಿದ್ಯಾಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದವರು. ಸೂಫಿ ಗ್ರಂಥಗಳನ್ನೆಲ್ಲ ಓದಿ ಅರಗಿಸಿಕೊಂಡರು. ಓದಿನಿಂದ ಸಿಗುವುದೆಲ್ಲ ಸಿಕ್ಕಾಯಿತು, ಉಳಿದಿದ್ದು ಸ್ವಂತ ಅನುಭವದಿಂದ ಮಾತ್ರ ಬರುತ್ತದೆ ಅಂತ ಆಗ ಅವರಿಗೆ ಗೊತ್ತಾಯಿತು. ಆರೋಗ್ಯದ ಲಕ್ಷಣ ತಿಳಿದಿರುವುದೇ ಬೇರೆ, ಆರೋಗ್ಯವಾಗಿರುವುದೇ ಬೇರೆ ಅಂತ ಅವರೇ ಬರೆದಿದ್ದಾರೆ. 1095ರಲ್ಲಿ ಹುದ್ದೆ ಬಿಟ್ಟು ಸಾಧನೆಗೆ ಹೊರಟರು. ನಾವು ಕೆಲಸ ಬಿಡಬೇಕಾಗಿಲ್ಲ. ಆದರೆ ಅವರು ಎಲ್ಲಿ ನಿಂತು ಯೋಚಿಸಿದರೋ ಆ ಜಾಗಕ್ಕೆ ಓದುಗರೆಲ್ಲರೂ ಒಂದಲ್ಲ ಒಂದು ದಿನ ಬರಲೇಬೇಕು. ಅಭ್ಯಾಸ ಇಲ್ಲದವರಿಗೆ ಈ ಗ್ರಂಥಗಳು ಯಾವತ್ತೂ ಗೂಢವೇ.

ಹೆಜ್ಜೆ 1: ಯಾಕೆ ಅಂತ ಒಂದು ವಾಕ್ಯ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಒಂದೇ ವಾಕ್ಯ: ನನ್ನಲ್ಲಿ ಏನು ಬದಲಾಗಬೇಕು? "ಶಾಂತಿ ಬೇಕು", "ಸತ್ಯ ತಿಳಿಯಬೇಕು" ಅಂತ ಬರೆದರೆ ಉಪಯೋಗ ಇಲ್ಲ. ಅವು ಕೇಳಲು ಚೆನ್ನಾಗಿರುತ್ತವೆ, ಅಳೆಯಲು ಬರುವುದಿಲ್ಲ. "ನನ್ನ ತಪ್ಪನ್ನು ಯಾರಾದರೂ ತೋರಿಸಿದಾಗ ಒಳಗೆ ಕುದಿಯುವುದು ಕಡಿಮೆ ಆಗಬೇಕು" ಅಂತ ಬರೆಯಿರಿ. "ಸಾವಿನ ಭಯ ನನ್ನ ನಿದ್ದೆ ಕೆಡಿಸುತ್ತಿದೆ, ಅದನ್ನು ನೇರವಾಗಿ ನೋಡಬೇಕು" ಅಂತ ಬರೆಯಿರಿ.

ಶಕ್ತಿ ಬೇಕು, ಬೇರೆಯವರ ಮನಸ್ಸು ಓದಬೇಕು, ಭವಿಷ್ಯ ಕಾಣಬೇಕು ಅನ್ನುವ ಆಸೆ ಒಳಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಬಹಳ ಜನರನ್ನು ಈ ಕಡೆ ಎಳೆಯುವುದು ಅದೇ. ಬರೆದಿಟ್ಟರೆ ಕಣ್ಣ ಮುಂದೆ ಇರುತ್ತದೆ. ಬರೆಯದಿದ್ದರೆ ಬೇರೆ ವೇಷದಲ್ಲಿ ಬರುತ್ತದೆ.

ಹೆಜ್ಜೆ 2: ಗ್ರಂಥ ಆರಿಸಿ

ನಿಮ್ಮ ಸ್ವಭಾವ ನೋಡಿ ಆರಿಸಿಕೊಳ್ಳಿ.

ವಿಚಾರ ಮಾಡುವ ಮನಸ್ಸು ಇದ್ದರೆ ಮಾಂಡೂಕ್ಯ ಉಪನಿಷತ್ತು. ಇರುವುದು 12 ಮಂತ್ರ. ಎಚ್ಚರ, ಕನಸು, ಗಾಢ ನಿದ್ದೆ, ಈ ಮೂರನ್ನೂ ತಿಳಿಯುವ ನಾಲ್ಕನೆಯದು, ಇಷ್ಟೇ ವಿಷಯ. ಐದು ನಿಮಿಷದಲ್ಲಿ ಓದಿ ಮುಗಿಸಬಹುದು, ಒಂದು ವರ್ಷಕ್ಕೂ ಸಾಕಾಗುತ್ತದೆ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಕ್ರಮವಾಗಿ ತಿಳಿಯಬೇಕು ಅನ್ನುವವರಿಗೆ ಯೋಗಸೂತ್ರದ ಮೊದಲ ಎರಡು ಪಾದ, ಅಂದರೆ ಅಧ್ಯಾಯ. ಸಿದ್ಧಾಂತ ಬೇಡ, ಮಾಡುವುದು ಹೇಳಿ ಅನ್ನುವವರಿಗೆ ಆನಾಪಾನಸತಿ ಸುತ್ತ. ಅದರಲ್ಲಿ ಉಸಿರಿನ ಮೇಲಿನ ಗಮನವನ್ನು 16 ಹಂತಗಳಲ್ಲಿ ಬುದ್ಧ ವಿವರಿಸುತ್ತಾನೆ. ಭಕ್ತಿಯ ಕಡೆ ಮನಸ್ಸು ಇದ್ದರೆ ನಿಮ್ಮದೇ ಸಂಪ್ರದಾಯದ ಒಬ್ಬ ಅನುಭಾವಿಯನ್ನು ಹಿಡಿಯಿರಿ. ಪರಿಚಯದ ಭಾಷೆ, ಪರಿಚಯದ ಭಾವ, ಅರ್ಧ ಕೆಲಸ ಆಗಲೇ ಆಗಿರುತ್ತದೆ.

ವ್ಯಾಖ್ಯಾನ ಇರುವ ಪ್ರತಿಯನ್ನೇ ತೆಗೆದುಕೊಳ್ಳಿ. ಎರಡು ಬೇರೆ ಬೇರೆ ವ್ಯಾಖ್ಯಾನ ಇದ್ದರೆ ಇನ್ನೂ ಒಳ್ಳೆಯದು. ಇಬ್ಬರು ಎಲ್ಲಿ ಬೇರೆಯಾಗುತ್ತಾರೋ ಅಲ್ಲಿ ನೀವೇ ಯೋಚಿಸಬೇಕಾಗುತ್ತದೆ. ಐದು ಸಂಪ್ರದಾಯಗಳನ್ನು ಕಲಸಿ "ಎಲ್ಲರೂ ಹೇಳಿದ್ದು ಒಂದೇ" ಅನ್ನುವ ಪುಸ್ತಕಗಳನ್ನು ಮೊದಲ ವರ್ಷ ದೂರ ಇಡಿ. ಎಲ್ಲರೂ ಒಂದೇ ಹೇಳಿದ್ದಾರೋ ಇಲ್ಲವೋ ಅನ್ನುವುದು ಒಂದನ್ನಾದರೂ ಆಳವಾಗಿ ಓದಿದ ಮೇಲೆ ಕೇಳುವ ಪ್ರಶ್ನೆ.

ಹೆಜ್ಜೆ 3: ಕಮ್ಮಿ ಓದಿ, ಜಾಸ್ತಿ ಹೊತ್ತು ಇಟ್ಟುಕೊಳ್ಳಿ

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಕ್ರಮ ಕೇಳುವುದು, ಯೋಚಿಸುವುದು, ಅದರಲ್ಲೇ ನೆಲೆ ನಿಲ್ಲುವುದು. ಶ್ರವಣ, ಮನನ, ನಿದಿಧ್ಯಾಸನ ಅಂತ ನಾವೆಲ್ಲ ಕೇಳಿದ್ದೇವೆ. ಬಹಳ ದೂರದಲ್ಲಿ, 12ನೇ ಶತಮಾನದ ಎರಡನೇ ಗೀಗೋ ಅನ್ನುವ ಕ್ರೈಸ್ತ ಸನ್ಯಾಸಿ ಧರ್ಮಗ್ರಂಥ ಓದುವುದಕ್ಕೆ ನಾಲ್ಕು ಮೆಟ್ಟಿಲು ಹೇಳುತ್ತಾನೆ: ಓದು, ಚಿಂತನೆ, ಪ್ರಾರ್ಥನೆ, ಮೌನ ದರ್ಶನ. ಇಬ್ಬರ ಗುರಿಯ ಮಾತು ಬೇರೆ, ಆದರೆ ಓದು ಇಬ್ಬರಿಗೂ ಮೊದಲ ಮೆಟ್ಟಿಲು ಮಾತ್ರ. ನಾವು ಅಲ್ಲೇ ಚಾಪೆ ಹಾಸಿ ಕೂತುಬಿಡುತ್ತೇವೆ, ಅಲ್ವಾ?

ಒಂದು ವಾರಕ್ಕೆ ಒಂದೇ ಸೂತ್ರ ಅಥವಾ ಒಂದೇ ಮಂತ್ರ ಸಾಕು. ಅದನ್ನು ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಒಂದನ್ನು ಬಿಡಿಸಿ ನೋಡೋಣ. ಯೋಗಸೂತ್ರದ ಮೊದಲ ಪಾದದ 33ನೇ ಸೂತ್ರ ನಾಲ್ಕು ಬಗೆಯ ಜನರನ್ನು ಕಂಡಾಗ ಮನಸ್ಸನ್ನು ಹೇಗೆ ಇಡಬೇಕು ಅಂತ ಹೇಳುತ್ತದೆ. ಸುಖವಾಗಿರುವವರ ಬಗ್ಗೆ ಸ್ನೇಹ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯ ಕೆಲಸ ಮಾಡುವವರ ಬಗ್ಗೆ ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಹೀಗಿದ್ದರೆ ಚಿತ್ತ ತಿಳಿಯಾಗುತ್ತದೆ ಅನ್ನುವುದು ಸೂತ್ರದ ಮಾತು.

ಓದಿದಾಗ "ಹೌದು, ಸರಿ" ಅನ್ನಿಸುತ್ತದೆ. ಈಗ ವಾರ ಶುರುವಾಗಲಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆ ಬಡ್ತಿ ಸಿಕ್ಕಿತು. ಅಭಿನಂದನೆ ಹೇಳುತ್ತೀರಿ, ನಗುತ್ತೀರಿ. ಆ ಹೊತ್ತಿಗೆ ಎದೆಯ ಹತ್ತಿರ ಏನೋ ಬಿಗಿಯಾಗುತ್ತದೆ. "ಅವರಿಗೇನು ಬಿಡಿ, ಮೇಲಿನವರ ಪರಿಚಯ ಇದೆ" ಅಂತ ಒಂದು ವಾಕ್ಯ ತಾನಾಗಿ ಹುಟ್ಟುತ್ತದೆ. ಇಲ್ಲಿದೆ ಸೂತ್ರ! ಸುಖವಾಗಿರುವವರ ಬಗ್ಗೆ ಸ್ನೇಹ ಎಷ್ಟು ಕಷ್ಟ ಅನ್ನುವುದು ಈಗ ಮೈಗೆ ತಿಳಿಯಿತು. ದುಃಖದಲ್ಲಿರುವವರ ಮೇಲೆ ಕರುಣೆ ಇದಕ್ಕಿಂತ ಎಷ್ಟೋ ಸುಲಭ. ಯಾಕೆ? ಆ ಪ್ರಶ್ನೆಯನ್ನು ಮೂರು ದಿನ ಇಟ್ಟುಕೊಳ್ಳಿ. ಉತ್ತರ ಹುಡುಕಿ ಬೇರೆ ಪುಸ್ತಕಕ್ಕೆ ಹೋಗಬೇಡಿ.

ಸಂಜೆ ನೋಟ್‌ಬುಕ್‌ನಲ್ಲಿ ಎರಡು ಮೂರು ಸಾಲು ಬರೆಯಿರಿ. ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಸೂತ್ರ ಆ ಹೊತ್ತಿಗೆ ನೆನಪಾಯಿತಾ ಇಲ್ಲವಾ, ಇಷ್ಟು ಸಾಕು. ಸೂತ್ರದ ಅರ್ಥ ಬರೆಯಬೇಡಿ, ಅದು ವ್ಯಾಖ್ಯಾನದಲ್ಲಿ ಇದೆ. ವಾರದ ಕೊನೆಗೆ ಮತ್ತೆ ವ್ಯಾಖ್ಯಾನ ಓದಿ. ಮೊದಲ ದಿನ ಕಣ್ಣಿಗೆ ಬೀಳದ ಎಷ್ಟೋ ಮಾತು ಈಗ ಎದ್ದು ಕಾಣುತ್ತವೆ.

ಹೆಜ್ಜೆ 4: ಕೂರುವುದು

ಆರಿಸಿದ ಗ್ರಂಥಕ್ಕೆ ಹೊಂದುವ ಧ್ಯಾನ ಇರಲಿ. ಉಸಿರಿನ ಗಮನ ಯಾವುದರ ಜೊತೆಗೂ ಹೋಗುತ್ತದೆ, ಹಾಗಾಗಿ ಅದನ್ನೇ ಹೇಳುತ್ತೇನೆ. ಜಪ ಮಾಡುವವರು ಉಸಿರಿನ ಜಾಗದಲ್ಲಿ ನಾಮ ಇಟ್ಟುಕೊಳ್ಳಿ.

ದಿನಾ ಒಂದೇ ಹೊತ್ತು, ಒಂದೇ ಜಾಗ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಆದರೆ ಬಹಳ ಒಳ್ಳೆಯದು. ಮೊದಲ ತಿಂಗಳು 10 ನಿಮಿಷ, ಆಮೇಲೆ ನಿಧಾನವಾಗಿ 20ಕ್ಕೆ ಏರಿಸಿ. ಚಕ್ಕಳಮಕ್ಕಳ ಹಾಕಿ ಕೂರಲು ಬಂದರೆ ಸರಿ, ಆಗ ಕೆಳಗೆ ಗಟ್ಟಿ ದಿಂಬು ಇಟ್ಟು ಸೊಂಟ ಮಂಡಿಗಿಂತ ಸ್ವಲ್ಪ ಮೇಲೆ ಇರುವಂತೆ ನೋಡಿಕೊಳ್ಳಿ. ಬರದಿದ್ದರೆ ಕುರ್ಚಿ. ಪಾದ ಎರಡೂ ನೆಲದ ಮೇಲೆ, ಬೆನ್ನು ಒರಗದೆ ನೆಟ್ಟಗೆ, ಗದ್ದ ಸ್ವಲ್ಪ ಒಳಗೆ. ಪದ್ಮಾಸನಕ್ಕಾಗಿ ಮಂಡಿ ಹಾಳು ಮಾಡಿಕೊಳ್ಳಬೇಡಿ.

ಕಣ್ಣು ಮುಚ್ಚಿ. ಉಸಿರು ಮೂಗಿನ ತುದಿಯಲ್ಲಿ ತಾಗುವುದು ಗೊತ್ತಾಗುತ್ತದಾ ನೋಡಿ. ಗೊತ್ತಾಗದಿದ್ದರೆ ಹೊಟ್ಟೆ ಏರಿ ಇಳಿಯುವುದನ್ನು ಹಿಡಿಯಿರಿ. ಉಸಿರನ್ನು ಉದ್ದ ಮಾಡಬೇಡಿ, ತಡೆಯಬೇಡಿ. ಉದ್ದ ಇದ್ದರೆ ಉದ್ದ ಅಂತ, ಚಿಕ್ಕದಿದ್ದರೆ ಚಿಕ್ಕದು ಅಂತ ತಿಳಿಯುವುದಷ್ಟೇ ಕೆಲಸ.

ನಾಲ್ಕೈದು ಉಸಿರು ಆಗುವಷ್ಟರಲ್ಲಿ ಮನಸ್ಸು ಹೊರಟಿರುತ್ತದೆ. ನಿನ್ನೆಯ ಮಾತುಕತೆ, ಕಟ್ಟಬೇಕಾದ ಬಿಲ್, ಯಾರೋ ಕಳಿಸಿದ ಮೆಸೇಜ್. ಒಂದು ನಿಮಿಷವೋ ಎರಡು ನಿಮಿಷವೋ ಕಳೆದ ಮೇಲೆ "ಅರೆ, ಎಲ್ಲಿಗೋ ಹೋಗಿದ್ದೆ" ಅಂತ ಗೊತ್ತಾಗುತ್ತದೆ. ಇಡೀ ಧ್ಯಾನದಲ್ಲಿ ಬೆಲೆ ಇರುವ ಕ್ಷಣ ಅದು. ಆಗ ಬೈದುಕೊಳ್ಳದೆ ಉಸಿರಿಗೆ ಬನ್ನಿ. ಮತ್ತೆ ಹೋಗುತ್ತದೆ, ಮತ್ತೆ ಬನ್ನಿ. ಮನಸ್ಸು ಅಲೆಯುವುದು ನಿಮ್ಮೊಬ್ಬರ ಕಾಯಿಲೆ ಅಲ್ಲ. 2010ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು 2,250 ಜನರನ್ನು ಫೋನ್ ಮೂಲಕ ಆಗಾಗ ವಿಚಾರಿಸಿ ನೋಡಿದರು. ಸುಮಾರು 47 ಪ್ರತಿಶತ ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಕಾಲು ಜೋಮು ಹಿಡಿದಾಗ, ಮೂಗು ತುರಿಸಿದಾಗ ತಕ್ಷಣ ಅಲುಗಾಡಬೇಡಿ. ಮೂರು ಉಸಿರು ಕಾದು, ಆ ತುರಿಕೆ ಹೇಗೆ ಏರುತ್ತದೆ, "ಈಗಲೇ ಕೆರೆಯಬೇಕು" ಅನ್ನುವ ಒತ್ತಾಯ ಎಲ್ಲಿಂದ ಬರುತ್ತದೆ ನೋಡಿ. ಆಮೇಲೂ ಬೇಕಿದ್ದರೆ ನಿಧಾನವಾಗಿ ಕೈ ಎತ್ತಿ ಕೆರೆದುಕೊಳ್ಳಿ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಒಬ್ಬರು ಚುಚ್ಚು ಮಾತು ಆಡಿದಾಗ ತಕ್ಷಣ ಉತ್ತರ ಕೊಡಬೇಕು ಅನ್ನುವ ಒತ್ತಾಯವೂ ಇದೇ ಜಾತಿಯದು. ಇಲ್ಲಿ ಮೂರು ಉಸಿರು ಕಾಯಲು ಕಲಿತವರಿಗೆ ಅಲ್ಲೂ ಒಂದು ಉಸಿರಿನ ಜಾಗ ಸಿಗುತ್ತದೆ.

ಅಭ್ಯಾಸ ದೀರ್ಘಕಾಲ, ಬಿಡದೆ, ಆದರದಿಂದ ನಡೆದರೆ ಮಾತ್ರ ಗಟ್ಟಿಯಾಗುತ್ತದೆ ಅಂತ ಪತಂಜಲಿ ಹೇಳುತ್ತಾನೆ. ದಿನಕ್ಕೆ 20 ನಿಮಿಷ, ವಾರವಿಡೀ, ಇದು ಭಾನುವಾರದ ಎರಡು ಗಂಟೆಗಿಂತ ಎಷ್ಟೋ ಮೇಲು. ಒಂದು ಅಭ್ಯಾಸ ರೂಢಿಯಾಗಲು ಎಷ್ಟು ದಿನ ಬೇಕು ಅಂತ ಲಂಡನ್ನಿನಲ್ಲಿ ನಡೆದ, 2010ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. ಹಾಗಾಗಿ ಒಂದು ದಿನ ತಪ್ಪಿದರೆ "ಎಲ್ಲಾ ಹೋಯಿತು" ಅಂತ ಕೈಬಿಡಬೇಡಿ, ಮಾರನೇ ದಿನ ಕೂತುಕೊಳ್ಳಿ.

ಹೆಜ್ಜೆ 5: ನಡತೆ

ಅಹಿಂಸೆ, ಸತ್ಯ, ಕದಿಯದಿರುವುದು, ಇವೆಲ್ಲ ಯೋಗದ ಎಂಟು ಅಂಗಗಳಲ್ಲಿ ಮೊದಲನೆಯದರಲ್ಲೇ ಬರುತ್ತವೆ. ಧ್ಯಾನ ಏಳನೆಯದು. ಬೌದ್ಧರಲ್ಲೂ ಶೀಲ ಮೊದಲು, ಸಮಾಧಿ ಆಮೇಲೆ. ಬೆಳಿಗ್ಗೆ ಸುಳ್ಳು ಹೇಳಿದ ಮನಸ್ಸು ಸಂಜೆ ಕೂತಾಗ ಆ ಸುಳ್ಳನ್ನೇ ಕಾಪಾಡಿಕೊಳ್ಳುತ್ತಿರುತ್ತದೆ. ತಿಂಗಳಿಗೆ ಒಂದು ನಿಯಮ ಹಿಡಿಯಿರಿ. ಉದಾಹರಣೆಗೆ, ಅಲ್ಲಿ ಇಲ್ಲದವರ ಬಗ್ಗೆ ಅವರ ಎದುರು ಹೇಳಲಾಗದ ಮಾತು ಆಡುವುದಿಲ್ಲ. ಅದೊಂದೇ ತಿಂಗಳಿಡೀ ಕೆಲಸ ಕೊಡುತ್ತದೆ.

ನಡುವೆ ಬರುವ ತೊಡಕುಗಳು

ಎರಡು ಮೂರು ತಿಂಗಳಿಗೆ ಬೇಸರ ಬರುತ್ತದೆ. ಯೋಗಸೂತ್ರ ಒಂಬತ್ತು ಅಡ್ಡಿಗಳನ್ನು ಹೆಸರಿಸುತ್ತದೆ: ರೋಗ, ಮಂಕು, ಸಂಶಯ, ಅಜಾಗ್ರತೆ, ಸೋಮಾರಿತನ, ವಿಷಯಗಳ ಆಸೆ, ತಪ್ಪು ತಿಳಿವಳಿಕೆ, ಮುಂದಿನ ಹಂತ ಸಿಗದಿರುವುದು, ಸಿಕ್ಕಿದ್ದು ನಿಲ್ಲದಿರುವುದು. ಬೇಸರ ಬಂದ ದಿನ ಈ ಪಟ್ಟಿ ತೆಗೆದು ಇದರಲ್ಲಿ ಯಾವುದು ಅಂತ ನೋಡಿ. ಹೆಸರು ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ನಿದ್ದೆ ಸಾಲದೆ ಬಂದ ಮಂಕಿಗೆ ನಿದ್ದೆಯೇ ಮದ್ದು, ಸಂಶಯಕ್ಕೆ ಓದು ಮತ್ತು ಬಲ್ಲವರ ಜೊತೆ ಮಾತು. ದಾರಿ ಬದಲಿಸಬೇಕು ಅನ್ನಿಸುವುದೂ ಈ ಹೊತ್ತಿಗೇ. ಬದಲಿಸಬೇಡಿ.

ಇನ್ನು ಅನುಭವಗಳು. ಬೆಳಕು ಕಾಣುವುದು, ನಾದ ಕೇಳುವುದು, ದೇಹ ಹಗುರಾಗುವುದು ಕೆಲವರಿಗೆ ಆಗುತ್ತದೆ. ಝೆನ್ ಸಂಪ್ರದಾಯದಲ್ಲಿ ಇವಕ್ಕೆ ಮಾಕ್ಯೋ ಅನ್ನುತ್ತಾರೆ, ಬೆನ್ನು ಹತ್ತಬೇಡಿ ಅಂತ ಶಿಷ್ಯರಿಗೆ ಹೇಳುತ್ತಾರೆ. ಪತಂಜಲಿ ಸಿದ್ಧಿಗಳ ಬಗ್ಗೆ ಬರೆಯುತ್ತಲೇ ಅವು ಸಮಾಧಿಗೆ ಅಡ್ಡಿ ಅಂತ ಮೂರನೇ ಪಾದದಲ್ಲಿ ಎಚ್ಚರಿಸುತ್ತಾನೆ. ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿ. ಹೇಳಿಕೊಂಡು ತಿರುಗಬೇಡಿ. ಹೇಳಿದಷ್ಟೂ ಅದೇ ಮತ್ತೆ ಬರಲಿ ಅನ್ನುವ ಆಸೆ ಬೆಳೆಯುತ್ತದೆ.

ಅಪಾಯದ ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು, ಬಹಳ ಕಡೆ ಇದನ್ನು ಹೇಳುವುದೇ ಇಲ್ಲ. 18ನೇ ಶತಮಾನದ ಜಪಾನಿನ ದೊಡ್ಡ ಝೆನ್ ಗುರು ಹಕುಯಿನ್ ಚಿಕ್ಕ ವಯಸ್ಸಿನಲ್ಲಿ ಮಿತಿಮೀರಿ ಸಾಧನೆ ಮಾಡಿ ಕಾಯಿಲೆ ಬಿದ್ದ. ತಲೆಗೆ ಕಾವು, ಕಾಲು ತಣ್ಣಗೆ, ಕಿವಿಯಲ್ಲಿ ಸದ್ದು, ಮನಸ್ಸಿಗೆ ಹೆದರಿಕೆ. ಅದಕ್ಕೆ ಝೆನ್ ಕಾಯಿಲೆ ಅಂತಲೇ ಹೆಸರು. ಬ್ರೌನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೌದ್ಧ ಧ್ಯಾನಿಗಳು ಮತ್ತು ಗುರುಗಳನ್ನು ಮಾತಾಡಿಸಿ, ಕಷ್ಟ ಕೊಡಬಹುದಾದ ಅನುಭವಗಳನ್ನು 59 ಬಗೆಗಳಾಗಿ ಪಟ್ಟಿ ಮಾಡಿದ್ದಾರೆ. ಭಯ, ನಿದ್ದೆ ಕೆಡುವುದು, ತಾನು ತಾನಲ್ಲ ಅನ್ನಿಸುವುದು, ಇವೆಲ್ಲ ಅದರಲ್ಲಿವೆ.

ಹಾಗಾಗಿ ಕೆಲವು ದಿನ ನಿದ್ದೆಯೇ ಬಾರದಿದ್ದರೆ, ಬೇರೆಯವರಿಗೆ ಕೇಳದ ದನಿ ಕೇಳಿದರೆ, ಸುತ್ತಲಿನದೆಲ್ಲ ಸುಳ್ಳು ಅನ್ನಿಸಿ ಭಯವಾದರೆ ಧ್ಯಾನ ನಿಲ್ಲಿಸಿ. ನಡೆಯಿರಿ, ಹೊಟ್ಟೆ ತುಂಬ ಊಟ ಮಾಡಿ, ಜನರ ಜೊತೆ ಇರಿ, ಡಾಕ್ಟರನ್ನು ನೋಡಿ. ಮೊದಲೇ ಮಾನಸಿಕ ಚಿಕಿತ್ಸೆಯಲ್ಲಿ ಇರುವವರು ಡಾಕ್ಟರಿಗೆ ತಿಳಿಸಿಯೇ ಶುರು ಮಾಡಬೇಕು. ಧ್ಯಾನ ಸಿಕ್ಕಿತು ಅಂತ ಮಾತ್ರೆ ಬಿಡಬಾರದು. ಉಸಿರು ಕಟ್ಟುವ ಕುಂಭಕ, ಜೋರಾಗಿ ಉಸಿರಾಡುವ ಭಸ್ತ್ರಿಕಾ, ಕುಂಡಲಿನಿ ಎಬ್ಬಿಸುವ ಕ್ರಿಯೆಗಳನ್ನು ವಿಡಿಯೋ ನೋಡಿ ಮಾಡಬೇಡಿ. ಬಿಪಿ, ಹೃದಯದ ತೊಂದರೆ, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ಅವುಗಳ ಹತ್ತಿರವೂ ಹೋಗಬಾರದು.

ಗುರು ಬೇಕಾ?

ಮೊದಲ ಕೆಲವು ತಿಂಗಳು ಇಲ್ಲದೆಯೂ ನಡೆಯುತ್ತದೆ. ಆಮೇಲೆ ಯಾರಾದರೂ ಬೇಕು. ನಮ್ಮ ಕಣ್ಣಿಗೆ ಬೀಳದಿರುವುದನ್ನು ನಾವೇ ನೋಡಿಕೊಳ್ಳಲು ಆಗುವುದಿಲ್ಲ. ಪ್ರಸಿದ್ಧರೇ ಆಗಬೇಕಾಗಿಲ್ಲ. ನಿಮಗಿಂತ ಹತ್ತು ವರ್ಷ ಮುಂದೆ ಇರುವ, ಬಿಡದೆ ಅಭ್ಯಾಸ ಮಾಡುವ ಒಬ್ಬರು ಸಾಕು.

ಅವರನ್ನು ದೂರದಿಂದ ನೋಡಿ. ತಮಗೆ ಉಪಯೋಗ ಇಲ್ಲದವರ ಜೊತೆ ಹೇಗೆ ಮಾತಾಡುತ್ತಾರೆ? ಪ್ರಶ್ನೆ ಕೇಳಿದಾಗ ಮುಖ ಬಿಗಿಯಾಗುತ್ತದಾ? "ಗೊತ್ತಿಲ್ಲ" ಅನ್ನುತ್ತಾರಾ? ಹಳೆಯ ಶಿಷ್ಯರು ಸ್ವಂತ ಬುದ್ಧಿಯಿಂದ ಬದುಕುತ್ತಿದ್ದಾರಾ, ಇಲ್ಲ ಎಲ್ಲದಕ್ಕೂ ಅವರ ಅಪ್ಪಣೆ ಕಾಯುತ್ತಿದ್ದಾರಾ?

ದೀಕ್ಷೆಯ ಮಂತ್ರವನ್ನು ಗುಟ್ಟಾಗಿ ಇಡುವುದು ಎಷ್ಟೋ ಪರಂಪರೆಗಳಲ್ಲಿ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ "ಇಲ್ಲಿ ನಡೆದಿದ್ದನ್ನು ಮನೆಯವರಿಗೆ ಹೇಳಬೇಡ" ಅಂದರೆ ಅದು ಬೇರೆಯೇ ಗುಟ್ಟು. ದುಡ್ಡು ಕೊಟ್ಟಷ್ಟೂ ಮೇಲಿನ ಹಂತ ತೆರೆಯುತ್ತದೆ ಅಂದರೆ, ಮನೆಯವರಿಂದ ಸ್ನೇಹಿತರಿಂದ ದೂರ ಮಾಡಿದರೆ, ಸಾಧನೆಯ ಹೆಸರಲ್ಲಿ ಮೈ ಮುಟ್ಟಲು ಬಂದರೆ, ಬಿಟ್ಟು ಹೋದವರಿಗೆ ಕೇಡಾಗುತ್ತದೆ ಅಂತ ಹೆದರಿಸಿದರೆ, ಅಲ್ಲಿಂದ ಎದ್ದು ಬನ್ನಿ. ಕಾರಣ ಕೊಡಬೇಕಾಗಿಲ್ಲ.

ಬದಲಾವಣೆ ಆಗುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ಮೊದಲಿಂದ ಓದಿ. ಧ್ಯಾನ ಎಷ್ಟು ಆಳವಾಗಿತ್ತು ಅನ್ನುವುದನ್ನು ನೋಡಬೇಡಿ. ಕೋಪ ಬಂದ ಮೇಲೆ ಸರಿಹೋಗಲು ಎಷ್ಟು ಹೊತ್ತು ಬೇಕಾಯಿತು ನೋಡಿ. ಮೊದಲು ಎರಡು ದಿನ ಹಿಡಿಯುತ್ತಿದ್ದದ್ದು ಈಗ ಸಂಜೆಯೊಳಗೆ ಮುಗಿಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಕ್ಷಮೆ ಕೇಳುವುದು ಸುಲಭವಾಗಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತಿದೆ. "ಇವರಿಗೆಲ್ಲ ಏನು ಗೊತ್ತು" ಅನ್ನುವ ಭಾವ ಬಂದಿದ್ದರೆ ಜಾಗ್ರತೆ. ಸಾಧಕರನ್ನು ಸದ್ದಿಲ್ಲದೆ ಹಿಡಿಯುವ ರೋಗ ಅದು, ಧ್ಯಾನ ಚೆನ್ನಾಗಿ ನಡೆಯುವಾಗಲೇ ಬರುತ್ತದೆ. ನಿಮ್ಮ ಜೊತೆ ಇರುವವರನ್ನು ಒಮ್ಮೆ ಕೇಳಿ: "ನನ್ನ ಜೊತೆ ಇರುವುದು ಮೊದಲಿಗಿಂತ ಸುಲಭವಾಗಿದೆಯಾ?" ಉತ್ತರ ಏನೇ ಬಂದರೂ ವಾದ ಮಾಡದೆ ಬರೆದುಕೊಳ್ಳಿ.

ವರ್ಷ ಮುಗಿದ ಮೇಲೆ ಅದೇ ಗ್ರಂಥವನ್ನು ಮತ್ತೆ ಮೊದಲಿಂದ ಓದಬೇಕು ಅನ್ನಿಸಿದರೆ ಓದಿ, ನನ್ನ ಮತ ಅದಕ್ಕೇ. ಬೇರೆಯದು ಬೇಕು ಅನ್ನಿಸಿದರೂ ಧ್ಯಾನ ಮಾತ್ರ ಬದಲಿಸಬೇಡಿ. ಹತ್ತು ದಿನದ ಮೌನ ಶಿಬಿರಕ್ಕೆ ಹೋಗುವ ಆಸೆ ಇದ್ದರೆ ಅದಕ್ಕೆ ಈಗ ಸರಿಯಾದ ಹೊತ್ತು. ದಿನಾ ಕೂತು ಅಭ್ಯಾಸ ಇರುವ ಮೈ ಮನಸ್ಸು ಅಲ್ಲಿನ ದಿನಚರಿಯನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಅರ್ಜಿಯಲ್ಲಿ ನಿಮ್ಮ ಆರೋಗ್ಯ, ತೆಗೆದುಕೊಳ್ಳುವ ಮಾತ್ರೆ, ಹಿಂದಿನ ಮಾನಸಿಕ ತೊಂದರೆ ಎಲ್ಲವನ್ನೂ ಮುಚ್ಚಿಡದೆ ಬರೆಯಿರಿ. ಹಿಂದಿರುಗಿದ ಮೇಲೆ ಎರಡು ದಿನ ರಜೆ ಇಟ್ಟುಕೊಳ್ಳಿ, ಆ ಎರಡು ದಿನ ದೊಡ್ಡ ನಿರ್ಧಾರ ಯಾವುದನ್ನೂ ತೆಗೆದುಕೊಳ್ಳಬೇಡಿ.